ಬೀಟ್‌ರೂಟ್ ಕೀಳುವ ದಿನ

ಕಳೆದ ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಬೀಟ್‌ರೂಟ್ ಕೀಳುವಾಗ ನಾನೂ ಇದ್ದೆ. ಹಿಂದಿನ ಸಂಜೆ ನೀರು ಬಿಟ್ಟಿದ್ದರಿಂದ ಮಣ್ಣು ಮೆತ್ತಗಿತ್ತು. ಸೊಪ್ಪಿನ ಬುಡ ಹಿಡಿದು ಎಳೆದರೆ ಸಾಕು, ಗೆಡ್ಡೆ ಈಚೆ ಬರುತ್ತಿತ್ತು.

"ಕುಡುಗೋಲು ಹಾಕ್ಬೇಡ ಮಗಾ, ತಿರುಚಿ ತೆಗಿ" ಅಂದರು ಚಿಕ್ಕಮ್ಮ. ಗೆಡ್ಡೆಗೆ ತೀರಾ ಹತ್ತಿರ ಕೊಯ್ದರೆ ಕೆಂಪು ರಸ ಸೋರುತ್ತದೆ. ಎರಡು ಬೆರಳಷ್ಟು ತೊಟ್ಟು ಬಿಡಬೇಕು. ಬೇಯಿಸುವಾಗಲೂ ಅಷ್ಟೇ. ಸಿಪ್ಪೆ, ತೊಟ್ಟು, ಬಾಲ ಹಾಗೇ ಇಟ್ಟು ಬೇಯಿಸಿ ಆಮೇಲೆ ಸುಲಿದರೆ ಬಣ್ಣ ನೀರುಪಾಲಾಗುವುದಿಲ್ಲ. ಸ್ವಲ್ಪ ನಿಂಬೆರಸ ಬಿದ್ದರೆ ಕೆಂಪು ಇನ್ನೂ ಚೆನ್ನಾಗಿ ನಿಲ್ಲುತ್ತದೆ.

ಕೆಲವು ಕಡೆ ಎರಡು ಮೂರು ಗಿಡ ಒತ್ತೊತ್ತಾಗಿ ನಿಂತು ಗೆಡ್ಡೆ ಸಣ್ಣದಾಗಿತ್ತು. ನಾವು ಬಿತ್ತುವ ಒಂದು ಕಾಳು ನಿಜವಾಗಿ ಹಲವು ಬೀಜಗಳು ಅಂಟಿಕೊಂಡಿರುವ ಒಣ ಗೊಂಚಲು. ಎಳೆಯ ಸಸಿಗಳನ್ನು ಕಿತ್ತು ಜಾಗ ಬಿಡಿಸಲೇಬೇಕು.

"ಇದು ಹೂ ಬಿಡಲ್ವಾ?" ಅಂತ ಕೇಳಿದೆ. ಈ ಬಯಲಲ್ಲಿ ತಾನು ನೋಡಿಲ್ಲ ಅಂದರು ಚಿಕ್ಕಪ್ಪ. ಬೀಟ್‌ರೂಟ್ ಎರಡು ವರ್ಷದ ಗಿಡ. ಮೊದಲ ವರ್ಷ ಗೆಡ್ಡೆಯಲ್ಲಿ ಸಕ್ಕರೆ ಕೂಡಿಡುತ್ತದೆ, ಒಳ್ಳೆ ಚಳಿ ತಿಂದ ಮೇಲೆ ಅದನ್ನೇ ಖರ್ಚು ಮಾಡಿ ಹೂ ಬಿಡುತ್ತದೆ. ನಮ್ಮ ಪಲ್ಯದಲ್ಲಿರುವ ಸಿಹಿ ಆ ಹೂವಿಗೆಂದು ಕಟ್ಟಿಟ್ಟ ಬುತ್ತಿ. 1747ರಲ್ಲಿ ಬರ್ಲಿನ್‌ನ ರಸಾಯನ ವಿಜ್ಞಾನಿ ಮಾರ್ಗ್‌ಗ್ರಾಫ್ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದು ತೋರಿಸಿದ. ಇವತ್ತು ಯುರೋಪಿನ ಸಕ್ಕರೆ ಕಾರ್ಖಾನೆಗಳು ಹೆಚ್ಚಾಗಿ ಬಳಸುವುದು ಈ ಗಿಡದ್ದೇ ಬಿಳಿ ತಳಿಯನ್ನು.

ನನಗೆ ಸಂಕಟ ಆಗಿದ್ದು ಬದುವಿನ ಮೇಲೆ ಬಿದ್ದಿದ್ದ ಸೊಪ್ಪಿನ ರಾಶಿ ನೋಡಿ. ಮಂಡಿಯವರಿಗೆ ಗೆಡ್ಡೆ ಮಾತ್ರ ಬೇಕು. ಹಸು ತಿಂದು ಉಳಿದದ್ದು ಗೊಬ್ಬರ. ಬೀಟ್‌ರೂಟ್ ನಮ್ಮ ದಂಟು, ಪಾಲಕ್‌ಗಳ ಕುಟುಂಬದ್ದೇ ಅಲ್ವಾ! ಮೆಡಿಟರೇನಿಯನ್ ಕಡಲ ದಂಡೆಯ ಕಾಡು ಗಿಡವಾಗಿದ್ದಾಗ ಜನ ಮೊದಲು ತಿಂದದ್ದೂ ಎಲೆಯನ್ನೇ. ಗೆಡ್ಡೆ ದಪ್ಪಗಾದದ್ದು ಎಷ್ಟೋ ಕಾಲದ ನಂತರ.

ಮಧ್ಯಾಹ್ನ ಚಿಕ್ಕಮ್ಮ ಎಳೆ ಎಲೆ ಆರಿಸಿ, ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿದರು. ಬಿಸಿ ಮುದ್ದೆಗೆ ಬಲು ರುಚಿ. ಕೆಂಪು ದಂಟನ್ನೂ ಬಿಡದೆ ಹೆಚ್ಚಿ ಹಾಕಿದ್ದರು. ಸಂತೆಯಲ್ಲಿ ಸೊಪ್ಪಿನ ಸಮೇತ ಸಿಕ್ಕರೆ ದಯವಿಟ್ಟು ಬಿಡಬೇಡಿ. ಮನೆಗೆ ತಂದ ಕೂಡಲೇ ಸೊಪ್ಪು, ಗೆಡ್ಡೆ ಬೇರೆ ಮಾಡಿಡಿ. ಇಲ್ಲದಿದ್ದರೆ ಎಲೆ ನೀರೆಳೆದುಕೊಂಡು ಗೆಡ್ಡೆ ಬೇಗ ಬಾಡುತ್ತದೆ. ಸೊಪ್ಪನ್ನು ಅವತ್ತೇ ಅಡುಗೆ ಮಾಡಿ, ಗೆಡ್ಡೆ ಫ್ರಿಡ್ಜ್‌ನಲ್ಲಿ ವಾರಗಟ್ಟಲೆ ಇರುತ್ತದೆ.