8 ಇಂಚಿನ ಜಗಳ

ಟ್ರೇಲರ್ ಹತ್ತಿ ನಾಲ್ಕು ತಿಂಗಳಾತು. ಅದಕ್ಕಿಂತ ಮೊದಲ ಆರು ವರ್ಷ ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಲೋಡ್ ಹೊಡದೀನಿ. ಅಲ್ಲಿ ಲೋಡ್ ಕಟ್ಟೂದು ಹಮಾಲರ ಕೆಲಸ, ಚೀಲದ ಮ್ಯಾಲೆ ಚೀಲ ಏರಿಸಿ ಹಗ್ಗ ಹಾಯಿಸಿ ಇಬ್ಬರು ಜೋತುಬಿದ್ದು ಜಗ್ಗಿದ್ರಂದ್ರ ಮುಗೀತು, ಊರು ಮುಟ್ಟೂತನಕ ಹಿಂದ ಹೊಳ್ಳಿ ನೋಡೂದು ಬೇಕಿರ್ಲಿಲ್ಲ. ಚೀಲ ಒತ್ತಿದ್ರ ಒಳಗ ಹೋಗತೈತಿ, ಹಗ್ಗ ಅದರಾಗ ಕಚ್ಕೊಂಡು ಕುಂದರತೈತಿ. ಕಬ್ಬಿಣ ಒಳಗ ಹೋಗೂದಿಲ್ಲ, ಯಾವುದನ್ನೂ ಕಚ್ಚೂದಿಲ್ಲ, ಕಬ್ಬಿಣದ ಹಾಸಿನ ಮ್ಯಾಲೆ ಕಬ್ಬಿಣ ಇಟ್ಟ್ರ ಅದು ಜಾರಾಕ ದಾರಿ ಹುಡುಕ್ತಿರತೈತಿ.

ಈಗ ನಂದು 22 ಚಕ್ರದ ಗಾಡಿ, 55 ಟನ್ ಪಾಸಿಂಗ್ (ಗಾಡಿ, ಮಾಲು ಸೇರಿ ಒಯ್ಯಾಕ ಪರವಾನಿಗಿ ಇರೂ ತೂಕ), ಹಿಂದ 40 ಫೂಟಿನ ಬಯಲು ಹಾಸು. ಆಜುಬಾಜು ಹಲಗಿ ಇಲ್ಲ, ಮ್ಯಾಲೆ ಏನೂ ಇಲ್ಲ, ಮುಂದ ಕ್ಯಾಬಿನ್ ಹಿಂದ ಮಾಲು ತಡಿಯೂ ಒಂದು ಗಾರ್ಡ್ ಅಷ್ಟ. ಹೆಚ್ಚಾಗಿ ಬಳ್ಳಾರಿ ಕಡೆಯಿಂದ ರಾಡ್ ತುಂಬ್ಕೊಂಡು ಕೊಪ್ಪಳ, ಗದಗ, ಅಣ್ಣಿಗೇರಿ ಮ್ಯಾಲೆ ಹಾಯ್ದು ಹುಬ್ಬಳ್ಳಿ ತಾರಿಹಾಳಕ್ಕ ಬರೂದು. ರಾತ್ರಿ ಕ್ಯಾಬಿನ್ನಿನಾಗ ಮಲಗೂದು, ಮುಂಜಾನೆ ಎಲ್ಲಿ ನೀರು ಸಿಗತೈತಿ ಅಲ್ಲಿ ಮುಖ ತೊಳಿಯೂದು, ಮಧ್ಯಾಹ್ನ ಖಾನಾವಳ್ಯಾಗ ರೊಟ್ಟಿ. ಇದೆಲ್ಲಾ ಮೊದಲಿನ ಗಾಡ್ಯಾಗೂ ಇತ್ತು, ಇದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೂದು ಮಾಲು ತುಂಬೂ ಯಾರ್ಡಿನಾಗ. ರಾಡಿನ ಉದ್ದ 12 ಮೀಟರ್, ಅಂದ್ರ 39 ಫೂಟ್ 4 ಇಂಚು. ನನ್ನ ಹಾಸು 40 ಫೂಟ್. ಉಳಿಯೂದು 8 ಇಂಚು. ಕ್ರೇನಿನವ ಬಂಡಲನ್ನ ಮುಂದಿನ ಗಾರ್ಡಿಗೆ ತಾಗಿಸಿ ಇಟ್ಟ್ರ ಎಲ್ಲಾ ಬರೋಬ್ಬರಿ, ಹಿಂದ ಏನೂ ಹೊರಗ ಬರೂದಿಲ್ಲ, ಮುಂದ ಜಾರಾಕ ಜಾಗಾನೂ ಇರೂದಿಲ್ಲ. ಆದ್ರ ಅವ ಒಂದು ಫೂಟ್ ಬಿಟ್ಟು ಇಟ್ಟುಬಿಡ್ತಾನ, ಹಿಂದ ನಾಲ್ಕು ಇಂಚು ಹೊರಗ, ಮುಂದ ಒಂದು ಫೂಟ್ ಖಾಲಿ. ಹೊರಗ ಚಾಚಿದ ರಾಡ್ ಒಯ್ಯೂದು 2014ರಿಂದ ಪೂರ್ತಿ ಬಂದ್ ಐತಿ, ಮಾಲು ಬಾಡಿ ಬಿಟ್ಟು ಹೊರಗ ಬಂದ್ರ 2019ರ ತಿದ್ದುಪಡಿ ಆದ ಮ್ಯಾಲೆ ದಂಡ 20,000 ರೂಪಾಯಿ, ರಸ್ತೆದಾಗ ಹಿಡಿಯೂದು ನನ್ನ. ಕ್ರೇನಿನವಗ "ಅಣ್ಣಾರ, ಸ್ವಲ್ಪ ಮುಂದ ತಗೋರಿ" ಅಂದ್ರ "ಹಿಂದ ಎಂಟು ಗಾಡಿ ನಿಂತಾವ ನೋಡು" ಅಂತಾನ. ಅವನ ಮಾತೂ ಖರೇನ ಐತಿ, ಅವಗ ತಾಸಿಗೆ ಇಷ್ಟು ಗಾಡಿ ಅಂತ ಲೆಕ್ಕ ಹಚ್ಚ್ಯಾರ. ಲೋಡ್ ಆದ ಕೂಡ್ಲೆ ಗಾಡಿ ತಗಿ ತಗಿ ಅಂತ ಒದರಾಟ ಸುರು, ಕಟ್ಟಾಕ ಜಾಗಾ ಇಲ್ಲ, ಹೊರಗ ರಸ್ತೆ ಬಾಜು ಧೂಳಿನಾಗ ನಿಂತು ಕಟ್ಟಬೇಕು. ಸರಿಯಾಗಿ ಕಟ್ಟಾಕ ಎರಡು ತಾಸು ಬೇಕು. ಆ ಎರಡು ತಾಸು ಯಾರ ಲೆಕ್ಕದಾಗೂ ಇಲ್ಲ, ಟ್ರಿಪ್ಪಿಗೆ ಇಷ್ಟು ಅಂತ ಪಗಾರ, ಕಟ್ಟಿದ್ದಕ್ಕ ಒಂದು ರೂಪಾಯಿ ಇಲ್ಲ.

ಎರಡನೇ ತಿಂಗಳಿನಾಗ ಹಿಂಗ ಒಂದು ಫೂಟ್ ಬಿಟ್ಟು ಇಟ್ಟ ಲೋಡ್ ತಗೊಂಡು ಹೊಂಟಿದ್ದೆ. ನಾಲ್ಕು ಬೆಲ್ಟ್ ಹಾಕಿದ್ದೆ, ಕೈ ಸೋಲೂತನಕ ಬಿಗಿದಿದ್ದೆ. ಅಣ್ಣಿಗೇರಿ ಇನ್ನೂ ದೂರಿತ್ತು, ಹತ್ತಿ ತುಂಬಿದ ಟ್ರ್ಯಾಕ್ಟರ್ ಒಂದು ಹೊಲದ ದಾರಿಯಿಂದ ಸೀದಾ ರಸ್ತೆಕ್ಕ ಬಂತು, ಬ್ರೇಕ್ ಒತ್ತಿದೆ. ಗಾಡಿ ನಿಂತು. ನಿಂತ ಮ್ಯಾಲೆ ಬೆನ್ನ ಹಿಂದ ಸರ್ ಅಂತ ಸಪ್ಪಳ, ಆಮ್ಯಾಲೆ ಠಣ್ ಅಂತ ಒಂದು. ಇಳದು ನೋಡಿದೆ. ಬೆಲ್ಟ್ ನಾಲ್ಕೂ ಹಂಗ ಇದ್ವು, ಬಂಡಲ್ ಜಾಗಾ ಬಿಟ್ಟಿರ್ಲಿಲ್ಲ, ಆದ್ರ ನಡುವಿನ ಬಂಡಲಿನ ಒಳಗಿಂದ ಮೂರು ರಾಡ್ ಮುಂದ ಬಂದು ಗಾರ್ಡಿಗೆ ಬಡದಿದ್ವು. ನನ್ನ ಸೀಟಿನ ಎತ್ತರಕ್ಕ ಸರಿಯಾಗಿ. 12 ಎಂಎಂ ರಾಡ್ ಒಂದೊಂದು ಹತ್ತೂವರಿ ಕೇಜಿ ಮ್ಯಾಲೆ ತೂಗತೈತಿ. ಬಾಜು ಕುಂತು ನೀರು ಕುಡದೆ, ಅರ್ಧ ತಾಸು ಸ್ಟೇರಿಂಗ್ ಹಿಡಿಯಾಕ ಮನಸ್ಸಾಗ್ಲಿಲ್ಲ. ಮನಿಗೆ ಫೋನ್ ಮಾಡಿದೆ, ಅವ್ವ ಊಟ ಆತನಪಾ ಅಂತ ಕೇಳಿದ್ಲು, ಆತು ಅಂದೆ, ಬ್ಯಾರೆ ಏನೂ ಹೇಳ್ಲಿಲ್ಲ. ಮುಂದ ಮೂವತ್ತರ ಸ್ಪೀಡಿನಾಗ ಹೋದೆ, ಲೇಟ್ ಆತು ಅಂತ ಇಳಸೂ ಜಾಗಾದಾಗ ಬೈಸ್ಕೊಂಡೆ.

ಇದನ್ನ ಮುಂದಿನ ಟ್ರಿಪ್ಪಿನಾಗ ಒಬ್ಬ ಹಳೇ ಡ್ರೈವರ್ ಕಾಕಾಗ ಹೇಳಿದೆ, ಇಪ್ಪತ್ತೈದು ವರ್ಷದಿಂದ ಕಬ್ಬಿಣದ ಲೋಡ್ ಹೊಡ್ಯಾವ್ರು. "ಮ್ಯಾಲಿಂದ ಹಾಯಿಸಿದ್ಯೋ, ಸುತ್ತ ಹಾಕಿದ್ಯೋ?" ಅಂದ್ರು. ಮ್ಯಾಲಿಂದ, ಅಂದೆ. "ಅದಕ್ಕ ತಮ್ಮಾ. ಬಂಡಲಿನ ಸುತ್ತ ಒಂದು ಸುತ್ತು ಹಾಕಿ ಆಮ್ಯಾಲೆ ಕೆಳಗ ಕೊಂಡಿಗೆ ಜಗ್ಗು, ಅವಾಗ ಎಲ್ಲಾ ಕಡಿಂದ ಹಿಚಕತೈತಿ, ನಡುವಿನ ರಾಡ್ ಎಲ್ಲಿಗೆ ಹೊಕ್ಕಾವ?" ಅಂದವ್ರ ಎದ್ದು ಬಂದು ನನ್ನ ಗಾಡಿ ಮ್ಯಾಲೆ ಚೈನ್ ಹಾಕಿ ತೋರಿಸಿದ್ರು. ಚೈನ್ ಬಿಗಿ ಮಾಡೂ ಲಿವರ್ ಒತ್ತೂವಾಗ ಮಾರಿ ಅದರ ಮುಂದ ತರಬ್ಯಾಡ, ತಪ್ಪಿ ಹೊಳ್ಳಿ ಬಂದ್ರ ಹಲ್ಲು ಉಳಿಯೂದಿಲ್ಲ ಅಂತ ಎರಡ ಸರ್ತಿ ಹೇಳಿದ್ರು. ಮತ್ತ ಲೋಡ್ ಕಟ್ಟಿ ಇಪ್ಪತ್ತು ಕಿಲೋಮೀಟರ್ ಆದ ಮ್ಯಾಲೆ ನಿಲ್ಲಿಸಿ ಇನ್ನೊಮ್ಮೆ ಬಿಗೀಬೇಕಂತ, ಹಂಪ್ ಮ್ಯಾಲೆ ಕುಣದು ಕುಣದು ಮಾಲು ಕೆಳಗ ಕುಂದರತೈತಿ, ಬೆಲ್ಟ್ ತಾನ ಸಡಲ ಆಗತೈತಿ. ಖರೇನ, ನಾ ಈಗ ಪ್ರತಿ ಸರ್ತಿ ನಿಲ್ಲಸ್ತೇನಿ, ಒಮ್ಮೆನೂ ಬಿಗಿ ಉಳದಿದ್ದು ನೋಡಿಲ್ಲ.

ನಾ ಐಟಿಐ ಫಿಟ್ಟರ್ ಮಾಡೀನಿ, ಹಿಂಗಾಗಿ ಕುಂತು ಲೆಕ್ಕ ಹಾಕಿ ನೋಡಿದೆ. ರಾಡಿನ ಲೋಡ್ ಗಿಡ್ಡ, ಹಾಸು ಅಗಲ, ಮ್ಯಾಲಿಂದ ಹಾಯಿಸಿದ ಬೆಲ್ಟ್ ಬಾಳ ಓರಿ ಆಗಿ ಮಲಗಿಬಿಡತೈತಿ. ಬೆಲ್ಟ್ ನೆಟ್ಟಗ ಕೆಳಗ ಇಳದ್ರ ಜಗ್ಗಿದ ಜೋರೆಲ್ಲಾ ಮಾಲಿನ ಮ್ಯಾಲೆ ಬೀಳತೈತಿ, 30 ಡಿಗ್ರಿಗೆ ಮಲಗಿದ್ರ ಅರ್ಧ ಅಷ್ಟ. ಅಂದ್ರ ನಾ ಕೈ ಬೊಬ್ಬಿ ಬರೂಹಂಗ ಬಿಗಿದಿದ್ದರಾಗ ಅರ್ಧಾ ಜೋರು ಎಲ್ಲಿಗೂ ಮುಟ್ಟಿರ್ಲಿಲ್ಲ. ಇದನ್ನ ಯಾರೂ ಗಾಡಿ ಕೊಡೂವಾಗ ಹೇಳೂದಿಲ್ಲ. ಲೈಸನ್ಸ್ ನೋಡ್ತಾರ, ರಿವರ್ಸ್ ತಗೀ ಅಂತಾರ, ಚಾವಿ ಕೊಡ್ತಾರ.

ಗದಗಿನ ಗಾಳಿ ಬ್ಯಾರೆ ಐತಿ. ಗುಡ್ಡದ ತುಂಬ ಗಾಳಿಯಂತ್ರ ಹಚ್ಚಿದ್ದು ಸುಮ್ನ ಅಲ್ಲ. ಮಳಿಗಾಲದಾಗ ಕಬ್ಬಿಣದ ಶೀಟಿನ ಲೋಡಿಗೆ ತಾಡಪತ್ರಿ ಹಾಕೂದು ಕಡ್ಡಾಯ, ಒಬ್ಬನ ಒಂದು ತುದಿ ಕಟ್ಟೂದ್ರಾಗ ಇನ್ನೊಂದು ತುದಿ ಹಾರಿ ರಸ್ತೆ ಮ್ಯಾಲೆ ಹೋಗತೈತಿ. ಒಮ್ಮೆ ಬೈಕಿನವ ಒಬ್ಬನ ಮಾರಿಗೆ ಬಡಿಯೂದಿತ್ತು, ಅವ ಬಗ್ಗಿದ, ಉಳದ. ಅವತ್ತಿನಿಂದ ಗಾಳಿ ಬರೂ ಕಡೆ ತುದಿ ಮೊದಲ ಕಟ್ತೇನಿ.

ಇನ್ನ ಕಟ್ಟಿಗಿ. ಬಂಡಲಿನ ಕೆಳಗ ಅಡ್ಡ ಇಡೂ ಕಟ್ಟಿಗಿ ಇಲ್ಲಂದ್ರ ಕಬ್ಬಿಣ ಹಾಸಿನ ಮ್ಯಾಲೆ ನಿಲ್ಲೂದಿಲ್ಲ. ಪ್ರತಿ ಸರ್ತಿ ಲೋಡ್ ಇಳಿಸಿದಾಗ ಆ ಕಟ್ಟಿಗಿ ಹೋಗಿಬಿಡತೈತಿ, ಒಬ್ಬರು ಒಲಿಗೆ ಒಯ್ತಾರ, ಒಬ್ಬರು ಬೇಕು ಅಂತ ಇಟ್ಕೋತಾರ. ಮಾಲಕರಿಗೆ ಕೇಳಿದ್ರ ಹೋದ ತಿಂಗಳ ಕೊಡಸೀನಲ್ಲೋ ಅಂತಾರ. ಈಗ ನಾ ಕಟ್ಟಿಗಿಗೆಲ್ಲಾ ಕೆಂಪು ಬಣ್ಣ ಹಚ್ಚೀನಿ, ಇಳಸೂವಾಗ ಎಣಿಸಿ ಒಳಗ ಹಾಕ್ಕೋತೇನಿ.

ಮೊನ್ನಿ ಯಾರ್ಡಿನಾಗ ಅದ ಕ್ರೇನಿನವ ಇದ್ದ. ಈ ಸರ್ತಿ ನಾ ಮೊದಲ ಹೋಗಿ, ಮೊಬೈಲಿನಾಗಿದ್ದ ಅಣ್ಣಿಗೇರಿ ಫೋಟೋ ತೋರಿಸಿದೆ, ಮೂರು ರಾಡ್ ಗಾರ್ಡಿಗೆ ಬಡದಿದ್ದು. ಅವ ಬಾಳ ಹೊತ್ತು ನೋಡಿದ. "ಇದು ನಾ ಇಟ್ಟ ಲೋಡೇನು?" ಅಂದ. ಹೌದ್ರಿ ಅಂದೆ. ಏನೂ ಮಾತಾಡ್ಲಿಲ್ಲ, ಹತ್ತಿ ಕುಂತು ಮೊದಲನೇ ಬಂಡಲನ್ನ ಗಾರ್ಡಿಗೆ ತಾಗಿಸಿ ಇಟ್ಟ, ನಾ ಕೈ ಎತ್ತೂತನಕ ಕೆಳಗ ಬಿಡ್ಲಿಲ್ಲ. ಹತ್ತು ನಿಮಿಷ ಹೆಚ್ಚು ಹಿಡೀತು ಅಷ್ಟ. ಹಿಂದಿನ ಗಾಡಿಯವ್ರು ಹಾರ್ನ್ ಹೊಡದ್ರು, ಹೊಡೀಲಿ.

ಈಗ ಬೇಕಾಗಿದ್ದು ಕಟ್ಟಿಗಿ ಮ್ಯಾಲೆ ಹಾಕಾಕ ರಬ್ಬರ್. ಹಳೇ ಕನ್ವೇಯರ್ ಬೆಲ್ಟಿನ (ಫ್ಯಾಕ್ಟರ್ಯಾಗ ಮಾಲು ಸಾಗಿಸೂ ರಬ್ಬರ್ ಪಟ್ಟಿ) ತುಂಡು ಹಾಕಿದ್ರ ಕಬ್ಬಿಣ ಜಾರೂದಿಲ್ಲ ಅಂತ ಕಾಕಾ ಹೇಳ್ಯಾರ. ಹುಬ್ಬಳ್ಳ್ಯಾಗ ಎಲ್ಲಿ ಸಿಗತೈತಿ ಗೊತ್ತಿದ್ರ ತಿಳಸ್ರಿ, ನಾಲ್ಕು ಇಂಚು ಅಗಲದ್ದು ಆದ್ರೂ ನಡೀತೈತಿ. ಶುಕ್ರವಾರ ಮತ್ತ ಲೋಡ್ ಐತಿ.