ರನ್‌ಬುಕ್‌ನಲ್ಲಿದ್ದ ಒಂದು ಕಾಮಾ

ಆ ರಾತ್ರಿಯ ಚೇಂಜ್ ವಿಂಡೋ (ಸಿಸ್ಟಂನಲ್ಲಿ ಬದಲಾವಣೆ ಮಾಡಲು ಇಟ್ಟ ಸಮಯ) ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಸೈಟ್‌ಗೆ ಬರುವ ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರ್‌ನಿಂದ ಅರ್ಧ ನೋಡ್‌ಗಳನ್ನು (ಸರ್ವರ್‌ಗಳನ್ನು) ಹೊರಗೆ ತೆಗೆದಾಗಿತ್ತು. ಎಲ್ಲರೂ ಸೇರಿದ್ದ ಬ್ರಿಡ್ಜ್ ಕಾಲ್‌ನಲ್ಲಿ ಆನ್‌ಕಾಲ್ (ಆ ಹೊತ್ತಿನ ಪಾಳಿಯ) ಹುಡುಗ ಕೇಳಿದ: "ಮೇಡಂ, ಎಲ್ಲಾ ನೋಡ್‌ಗಳನ್ನೂ ನಿಲ್ಲಿಸಬೇಕಾ?"

ಇವನು ರನ್‌ಬುಕ್ (ಹಂತ ಹಂತವಾಗಿ ಏನು ಮಾಡಬೇಕು ಅಂತ ಬರೆದ ಸೂಚನೆ) ಸರಿಯಾಗಿ ಓದಿಲ್ಲ ಅಂದುಕೊಂಡೆ. "ಅಲ್ಲಿ ಬರೆದಿದೆಯಲ್ಲ, ಅದನ್ನೇ ಮಾಡಿ" ಅಂದೆ.

"ಬರೆದಿರೋದನ್ನೇ ಮಾಡಿದರೆ ಸೈಟ್ ಪೂರ್ತಿ ಬೀಳುತ್ತೆ ಮೇಡಂ."

ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆ ಸಾಲನ್ನು ಜೋರಾಗಿ ಓದಿದೆ: "ಸ್ಟಾಪ್ ದ ನೋಡ್ಸ್, ವಿಚ್ ಆರ್ ನಾಟ್ ಟೇಕಿಂಗ್ ಟ್ರಾಫಿಕ್." ಕಿವಿಗೆ ಎಲ್ಲಾ ಸರಿಯಾಗಿಯೇ ಇತ್ತು. ಮತ್ತೆ ಸ್ಕ್ರೀನ್ ನೋಡಿದೆ. 'ನೋಡ್ಸ್' ಆದ ಮೇಲೆ ಒಂದು ಕಾಮಾ.

ಆ ಕಾಮಾ ಇಲ್ಲದಿದ್ದರೆ, ಟ್ರಾಫಿಕ್ ತೆಗೆದುಕೊಳ್ಳದ ನೋಡ್‌ಗಳನ್ನು ಮಾತ್ರ ನಿಲ್ಲಿಸಿ ಅಂತ ಅರ್ಥ. ಇದ್ದರೆ, ಎಲ್ಲವನ್ನೂ ನಿಲ್ಲಿಸಿ, ಹೇಗೂ ಯಾವುದಕ್ಕೂ ಟ್ರಾಫಿಕ್ ಹೋಗುತ್ತಿಲ್ಲ ಅಂತ. ಅರ್ಧ ನೋಡ್‌ಗಳು ಇನ್ನೂ ಲೈವ್ ಇದ್ದವು. ಆ ಹುಡುಗ ಅಕ್ಷರ ಅಕ್ಷರ ಓದಿದ್ದ.

ಮೂಲ ಡ್ರಾಫ್ಟ್‌ನಲ್ಲಿ ಆ ಕಾಮಾ ಇರಲಿಲ್ಲ. 'ವಿಚ್' ಹಿಂದೆ ಕಾಮಾ ಕಾಣದಿದ್ದರೆ ಗ್ರಾಮರ್ ಚೆಕರ್ ಕೆಳಗೆ ಗೆರೆ ಎಳೆಯುತ್ತದೆ. ಯಾರೋ 'ಆಕ್ಸೆಪ್ಟ್' ಒತ್ತಿದ್ದಾರೆ. ಟೂಲ್‌ಗೆ ವಾಕ್ಯದ ಆಕಾರ ಗೊತ್ತು, ಎಷ್ಟು ನೋಡ್ ಲೈವ್ ಇವೆ ಅಂತ ಗೊತ್ತಿಲ್ಲ. ಉಸಿರು ನಿಲ್ಲುವ ಕಡೆ ಕಾಮಾ ಹಾಕಿ ಅಂತ ಶಾಲೆಯಲ್ಲಿ ಕಲಿಸಿದ್ದೂ ಇಲ್ಲಿ ಕೆಲಸಕ್ಕೆ ಬರಲ್ಲ. ಯಾವುದು ಅಂತ ಗುರುತಿಸುವ ಮಾತಾದರೆ ಕಾಮಾ ಬೇಡ, 'ದಟ್' ಬಳಸಿ. ಬರೀ ಹೆಚ್ಚಿನ ಮಾಹಿತಿಯಾದರೆ ಕಾಮಾ ಹಾಕಿ 'ವಿಚ್' ಬಳಸಿ.

ರಿವ್ಯೂ ಮೀಟಿಂಗ್‌ನಲ್ಲಿ ಮ್ಯಾನೇಜರ್, "ಏನೂ ಆಗಲಿಲ್ಲವಲ್ಲ, ಒಂದು ಕಾಮಾಗೆ ಇಷ್ಟು ಯಾಕೆ?" ಅಂದರು. ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿಯ ಕೇಸು ಹೇಳಿದೆ. ಯಾವ ಕೆಲಸಗಳಿಗೆ ಓವರ್‌ಟೈಮ್ ಕೊಡಬೇಕಾಗಿಲ್ಲ ಅಂತ ಅಲ್ಲಿನ ಕಾನೂನಿನಲ್ಲಿ ಪಟ್ಟಿ ಇತ್ತು. ಅದರ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತಿತ್ತು. 'ಆರ್' ಹಿಂದೆ ಕಾಮಾ ಇರಲಿಲ್ಲ, ಹಾಗಾಗಿ ಡಿಸ್ಟ್ರಿಬ್ಯೂಷನ್ (ಸಾಗಣೆ) ಪಟ್ಟಿಯಲ್ಲಿ ಬೇರೆಯೇ ಕೆಲಸವೋ, ಪ್ಯಾಕಿಂಗ್‌ನ ಭಾಗವೋ ಸ್ಪಷ್ಟವಿರಲಿಲ್ಲ. ವಿನಾಯಿತಿ ಇರುವುದು ಪ್ಯಾಕಿಂಗ್‌ಗೆ, ನಾವು ಪ್ಯಾಕ್ ಮಾಡಲ್ಲ, ಸಾಗಿಸ್ತೀವಿ ಅಂತ ಡ್ರೈವರ್‌ಗಳು ವಾದಿಸಿದರು. 2017ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರ ನಿಂತಿತು. 2018ರಲ್ಲಿ ಡೈರಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆ ಪಟ್ಟಿಯಲ್ಲಿ ಈಗ ಕಾಮಾಗಳ ಜಾಗದಲ್ಲಿ ಸೆಮಿಕೋಲನ್‌ಗಳಿವೆ.

ಈಗ ನಮ್ಮ ರನ್‌ಬುಕ್‌ನಲ್ಲಿ ಪ್ರತಿ ನೋಡ್‌ನ ಹೆಸರನ್ನೇ ಬರೆಯುತ್ತೇವೆ. ಆದರೆ ಎಡಿಟರ್‌ನ ಆಟೋಕರೆಕ್ಟ್ ಇನ್ನೂ ಆಫ್ ಮಾಡಿಲ್ಲ. ಕಮಾಂಡ್‌ನ ಎರಡು ಹೈಫನ್‌ಗಳನ್ನು ಸೇರಿಸಿ ಒಂದು ಡ್ಯಾಶ್ ಮಾಡುತ್ತದೆ, ನೇರ ಕೋಟ್‌ಗಳನ್ನು ಬಾಗಿಸುತ್ತದೆ. ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದರೆ ಎರರ್. ಆಫ್ ಮಾಡಿ ಅಂತ ಟಿಕೆಟ್ (ಲಿಖಿತ ಮನವಿ) ಹಾಕಿದ್ದೇನೆ. 'ಲೋ ಪ್ರಯಾರಿಟಿ' ಅಂತ ಗುರುತು ಮಾಡಿದ್ದಾರೆ.