ಫಿನ್ಲೆಂಡಿನ ಸಮಾಧಿಗಳು, ಚರ್ಚಿನ ಪುಸ್ತಕಗಳು: ವಂಶಾವಳಿಯ ಕೆಲಸ ಎಲ್ಲಿಗೆ ಬಂತು

ನನ್ನ ಪತ್ನಿಯ ತಾಯಿಯ ಕಡೆಯವರು ಪಶ್ಚಿಮ ಫಿನ್ಲೆಂಡಿನ ಇಸೋಕ್ಯುರೋದವರು. ತಂದೆಯ ಕಡೆಯವರು ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಪಾಲಾದ ಕರೇಲಿಯಾವನ್ನು ಬಿಟ್ಟು ಬಂದವರು. ಮಕ್ಕಳಿಗಾಗಿ ಕೈಗೆತ್ತಿಕೊಂಡ ಈ ವಂಶಾವಳಿಯಲ್ಲಿ ತಾಯಿಯ ಕಡೆಯ ಕವಲು ಈಗ 1750ರ ದಶಕವನ್ನು ಮುಟ್ಟಿದೆ.

ಹಳೆಯ ಚರ್ಚಿನ ಅಂಗಳದಲ್ಲಿ ಮುನ್ನೂರು ವರ್ಷದ ಹೆಸರುಗಳು ಸಿಕ್ಕಾವು ಎಂದು ನಿರೀಕ್ಷಿಸುವವರಿಗೆ ಇಲ್ಲಿನ ಸ್ಮಶಾನಗಳು ಹೆಚ್ಚೇನೂ ಕೊಡುವುದಿಲ್ಲ. ಬಡ ರೈತರ ಸಮಾಧಿಗೆ ಮರದ ಶಿಲುಬೆಯಷ್ಟೇ ಇರುತ್ತಿತ್ತು, ಅದು ಕೊಳೆತು ಹೋಯಿತು. ಇಂದಿನ ಕಾನೂನಿನಂತೆ ಸಮಾಧಿಯ ಹಕ್ಕನ್ನು ಒಂದು ಬಾರಿಗೆ ಹೆಚ್ಚೆಂದರೆ 50 ವರ್ಷಕ್ಕೆ ಕೊಡುತ್ತಾರೆ; ಅವಧಿ ಮುಗಿದ ಮೇಲೆ ಯಾರೂ ನವೀಕರಿಸದಿದ್ದರೆ ಕಲ್ಲನ್ನು ತೆಗೆದು ಆ ಜಾಗವನ್ನು ಬೇರೆಯವರಿಗೆ ಕೊಡಬಹುದು. ಹಾಗಿದ್ದರೂ ಇಪ್ಪತ್ತನೆಯ ಶತಮಾನದ ಮಟ್ಟಿಗೆ ಕಲ್ಲಿಗಿಂತ ಉತ್ತಮ ಸಾಕ್ಷಿ ನನಗೆ ದೊರೆತಿಲ್ಲ, ಏಕೆಂದರೆ ನೂರು ವರ್ಷದೊಳಗಿನ ಚರ್ಚ್ ದಾಖಲೆಗಳು ಸಾರ್ವಜನಿಕರಿಗೆ ಮುಕ್ತವಾಗಿಲ್ಲ. ಪತ್ನಿಯ ಮುತ್ತಜ್ಜಿಯ ಕಲ್ಲಿನ ಮೇಲೆ ಗಂಡನ ಮನೆತನದ ಹೆಸರಿನ ಕೆಳಗೆ 'ಓ.ಎಸ್.' (ಹುಟ್ಟಿದ ಮನೆತನ ಎಂಬುದರ ಸಂಕ್ಷಿಪ್ತ ರೂಪ) ಎಂಬ ಎರಡು ಅಕ್ಷರಗಳೂ ಅವುಗಳ ಮುಂದೆ ಆಕೆಯ ತವರಿನ ಹೆಸರೂ ಇವೆ. ಆ ಒಂದು ಸಾಲು ಮತ್ತು ಹುಟ್ಟಿದ ದಿನಾಂಕ, ಇವೆರಡರಿಂದಲೇ ಆಕೆಯ ದೀಕ್ಷಾಸ್ನಾನದ ದಾಖಲೆ ಸಿಕ್ಕಿ, ಅಲ್ಲಿಂದ ಹಿಂದಕ್ಕೆ ದಾರಿ ತೆರೆಯಿತು.

ಅಲ್ಲಿಂದಾಚೆಗೆ ಎಲ್ಲವೂ ಪುಸ್ತಕಗಳ ಕೆಲಸ. 1686ರ ಚರ್ಚ್ ಕಾನೂನು ಪಾದ್ರಿಗಳಿಗೆ ಜನನ, ಮದುವೆ, ಮರಣಗಳನ್ನು ಬರೆದಿಡುವ ಹೊಣೆ ಹೊರಿಸಿತು. ಫಿನ್ಲೆಂಡ್ ಆಗ ಸ್ವೀಡನ್ನಿನ ಭಾಗವಾಗಿದ್ದುದರಿಂದ ಹಳೆಯ ಬರಹವೆಲ್ಲ ಸ್ವೀಡಿಷ್‌ನಲ್ಲಿದೆ. 1917ರಲ್ಲಿ ಸ್ಥಾಪನೆಯಾದ ಫಿನ್ಲೆಂಡಿನ ವಂಶಾವಳಿ ಸಂಘದ 'ಹಿಸ್ಕಿ' ದತ್ತಸಂಚಯದಲ್ಲಿ ಹುಡುಕಿ, ಬಳಿಕ ಮೂಲ ಪುಟದ ಚಿತ್ರವನ್ನು ನೋಡಿ ತಾಳೆ ಹಾಕುವುದು ನನ್ನ ಕ್ರಮ. ಸಮಾಧಿ ಪಟ್ಟಿಯ ಒಂದೊಂದು ಸಾಲಿನಲ್ಲೂ ಸತ್ತ ದಿನ, ಹೂಳಿದ ದಿನ, ಊರು, ಹೊಲಮನೆ, ಹೆಸರು, ಸಾವಿನ ಕಾರಣ, ವಯಸ್ಸು ಇರುತ್ತವೆ. ಎಳೆಯ ಮಕ್ಕಳ ವಯಸ್ಸನ್ನು ತಿಂಗಳು, ದಿನಗಳ ಲೆಕ್ಕದಲ್ಲಿ ಬರೆದಿರುತ್ತಾರೆ. 1868ರ ಪುಟಗಳನ್ನು ಓದುವುದು ಕಷ್ಟ. ಬರಗಾಲದ ಆ ಒಂದೇ ವರ್ಷದಲ್ಲಿ ದೇಶದ ಜನಸಂಖ್ಯೆಯ ಸುಮಾರು ಶೇ. 8ರಷ್ಟು ಮಂದಿ ತೀರಿಕೊಂಡರು, ಬಹುಪಾಲು ಹಸಿವಿನ ಬೆನ್ನಿಗೇ ಬಂದ ಟೈಫಸ್‌ನಂತಹ ಸೋಂಕುಗಳಿಂದ. ಊರಿಂದೂರಿಗೆ ಭಿಕ್ಷೆಗೆ ಅಲೆಯುತ್ತ ಸತ್ತವರನ್ನು ಸತ್ತಲ್ಲೇ ಹೂಳುತ್ತಿದ್ದುದರಿಂದ, ಆ ವರ್ಷ ಕಾಣೆಯಾದವರನ್ನು ನೆರೆಯ ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳ) ಪಟ್ಟಿಗಳಲ್ಲೂ ಹುಡುಕಲೇಬೇಕು.

ಹೆಸರಿನ ವಿಚಾರದಲ್ಲಿ ಪಶ್ಚಿಮ ಫಿನ್ಲೆಂಡ್ ವಿಶೇಷ ಎಚ್ಚರ ಬೇಡುತ್ತದೆ. ನಮ್ಮ ಕಡೆ ಮನೆಯ ಹೆಸರಿನಿಂದಲೇ ಜನರನ್ನು ಗುರುತಿಸುವಂತೆ ಅಲ್ಲಿ ಹೊಲಮನೆಯ ಹೆಸರು ಮನುಷ್ಯನಿಗೆ ಅಂಟುತ್ತಿತ್ತು. ಮನೆಅಳಿಯನಾಗಿ ಹೋದವನು ಹೆಂಡತಿಯ ಹೊಲಮನೆಯ ಹೆಸರಿನಿಂದಲೇ ದಾಖಲಾಗುತ್ತಿದ್ದ. ಹೀಗಾಗಿ ಒಬ್ಬನೇ ವ್ಯಕ್ತಿ ಮದುವೆಯ ಪಟ್ಟಿಯಲ್ಲಿ ಒಂದು ಹೆಸರಿನಲ್ಲಿಯೂ ಸಮಾಧಿ ಪಟ್ಟಿಯಲ್ಲಿ ಇನ್ನೊಂದರಲ್ಲಿಯೂ ಇರಬಹುದು. ಇಂಥ ಕಡೆ ಕುಟುಂಬವನ್ನು ಮನೆಮನೆಯಾಗಿ ಬರೆದಿರುವ ಪ್ರಭುಭೋಜನದ ಪುಸ್ತಕವೊಂದೇ (ಚರ್ಚಿನ ಪ್ರಭುಭೋಜನ ಸಂಸ್ಕಾರದಲ್ಲಿ ಪಾಲ್ಗೊಂಡವರ ದಾಖಲೆ) ಆಸರೆ. ಇನ್ನೊಂದು ಮಾತು: 1753ರ ಫೆಬ್ರವರಿ 17ರ ಮರುದಿನವನ್ನು ಮಾರ್ಚ್ 1 ಎಂದು ಎಣಿಸಿ ಪಂಚಾಂಗವನ್ನೇ ಬದಲಿಸಿದ್ದರಿಂದ, ಆ ನಡುವೆ ಪಟ್ಟಿಯಲ್ಲಿ ಬಿಡುವು ಕಂಡರೆ ಪುಟ ಕಳೆದಿದೆ ಎಂದುಕೊಳ್ಳಬಾರದು.

ಕರೇಲಿಯಾದ ಕವಲು ನಿಧಾನವಾಗಿ ಸಾಗಿದೆ. ಅಲ್ಲಿನ ಸಮಾಧಿಗಳು ಗಡಿಯಾಚೆ ಉಳಿದವು. ಅವುಗಳ ನೆನಪಿಗೆ ಫಿನ್ಲೆಂಡಿನ ಅನೇಕ ಸ್ಮಶಾನಗಳಲ್ಲಿ ಸಾಮೂಹಿಕ ಸ್ಮಾರಕಗಳಿವೆ, ಆದರೆ ಅವುಗಳಲ್ಲಿ ವಂಶಾವಳಿಗೆ ಬೇಕಾದ ಹೆಸರುಗಳಿಲ್ಲ. ಯುದ್ಧದಲ್ಲಿ ಮಡಿದ ದೊಡ್ಡಜ್ಜನೊಬ್ಬರ ವಿವರ ಮಾತ್ರ ಕೈಗೆ ಬಂದಿದೆ, ಏಕೆಂದರೆ ಫಿನ್ಲೆಂಡ್ ತನ್ನ ಸೈನಿಕರ ದೇಹಗಳನ್ನು ಸಾಧ್ಯವಾದಷ್ಟೂ ಊರಿಗೆ ತಂದು ಚರ್ಚಿನ ಬಳಿಯ ವೀರರ ಸಮಾಧಿಯಲ್ಲಿ ಹೂಳಿತು, ಮತ್ತು ಮಡಿದವರ ಪಟ್ಟಿಯನ್ನು ರಾಷ್ಟ್ರೀಯ ಪತ್ರಾಗಾರ ಎಲ್ಲರಿಗೂ ತೆರೆದಿಟ್ಟಿದೆ. ಅವರು ಹುಟ್ಟಿದ ಪ್ಯಾರಿಷ್ ಈಗ ಗೊತ್ತಾಗಿರುವುದರಿಂದ, ಯುದ್ಧಕಾಲದಲ್ಲಿ ಉಳಿಸಿ ತಂದ ಕರೇಲಿಯಾದ ಚರ್ಚ್ ಪುಸ್ತಕಗಳಲ್ಲಿ ಅವರ ತಂದೆ-ತಾಯಿಯರನ್ನು ಹುಡುಕುವುದು ಮುಂದಿನ ಕೆಲಸ.